ಸುತ್ತಿಗೆ ಹುಡುಕಲು ಯಾವ ಡಿಟೆಕ್ಟರ್?

1992ರ ನವೆಂಬರ್. ಇಂಗ್ಲೆಂಡಿನ ಸಫೋಕ್‌ನಲ್ಲಿ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಗಿತ್ತು. ಗೆಳೆಯ ಎರಿಕ್ ಲಾಸ್ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಲು ಹೋದರು. ಸಿಕ್ಕಿದ್ದು ರೋಮನ್ ಕಾಲದ ಸುಮಾರು 15,000 ನಾಣ್ಯ! ಸುತ್ತಿಗೆಯೂ ಸಿಕ್ಕಿತು. ಈಗ ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿದೆ.

ಇಂಥ ಕತೆ ಕೇಳಿ ಡಿಟೆಕ್ಟರ್ ಕೊಳ್ಳಲು ಹೊರಟವರು "ಎಷ್ಟು ಆಳದವರೆಗೆ ಹಿಡಿಯುತ್ತೆ?" ಎಂದು ಕೇಳುತ್ತಾರೆ. ನಾನಾದರೆ ಮೊದಲು ನಿಮ್ಮ ಮಣ್ಣು ಎಂಥದ್ದು ಅಂತ ಕೇಳುತ್ತೇನೆ.

ಡಿಟೆಕ್ಟರಿನ ತಟ್ಟೆಯಲ್ಲಿ ತಂತಿಯ ಸುರುಳಿ ಇರುತ್ತದೆ. ಅದರೊಳಗಿನ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಆಗ ನೆಲದಡಿಯ ಲೋಹದಲ್ಲೂ ಪುಟ್ಟ ಕರೆಂಟು ಸುಳಿಯುತ್ತದೆ. ಲೋಹ ತುಸು ತಡವಾಗಿ ಓಗೊಡುತ್ತದೆ. ಆ ತಡವನ್ನು ಅಳೆದು ಯಂತ್ರ ಕಬ್ಬಿಣವೋ ಬೆಳ್ಳಿಯೋ ಎಂದು ಊಹಿಸುತ್ತದೆ. ಬರೀ ಊಹೆ, ಅಷ್ಟೇ. ಸಣ್ಣ ಚಿನ್ನದುಂಗುರ ಮತ್ತು ಸಿಗರೇಟು ಪ್ಯಾಕಿನ ಬೇಗಡೆ, ಎರಡರ ಉತ್ತರವೂ ಹೆಚ್ಚುಕಡಿಮೆ ಒಂದೇ. ಕಸ ಬೇಡ ಅಂತ ಬೇಗಡೆಯ ಸದ್ದನ್ನು ಅಡಗಿಸಿದರೆ ಉಂಗುರವೂ ಕೈತಪ್ಪೀತು.

ಇದು ವಿಎಲ್‌ಎಫ್ (ವೆರಿ ಲೋ ಫ್ರೀಕ್ವೆನ್ಸಿ) ಬಗೆ. ತೋಟ, ಮೈದಾನಕ್ಕೆ ಧಾರಾಳ ಸಾಕು. ಆದರೆ ಸಂಡೂರಿನ ಕಬ್ಬಿಣದ ಮಣ್ಣಿನಲ್ಲೋ ಕರಾವಳಿಯ ಮುರಕಲ್ಲಿನ ಮೇಲೋ ಓಡಾಡಿಸಿದರೆ ನೆಲವೇ ಕೂಗತೊಡಗುತ್ತದೆ. ಉಪ್ಪುನೀರಿನ ಒದ್ದೆ ಮರಳಿನದೂ ಇದೇ ಕಾಟ. ಅಲ್ಲಿಗೆ ಪಲ್ಸ್ ಇಂಡಕ್ಷನ್, ಅಂದರೆ ಕರೆಂಟನ್ನು ಬಿಟ್ಟುಬಿಟ್ಟು ಮಿಡಿತದಂತೆ ಹರಿಸುವ ಬಗೆಯ ಡಿಟೆಕ್ಟರ್ ವಾಸಿ. ಅದು ಗಂಟೆಗೆ ಏಟು ಹಾಕಿ ಕಿವಿಗೊಟ್ಟ ಹಾಗೆ. ಮಣ್ಣಿನ ಸದ್ದು ಬೇಗ ಅಡಗುತ್ತದೆ, ಲೋಹದ್ದು ತುಸು ಉಳಿಯುತ್ತದೆ. ಆದರೆ ಮೊಳೆಗೂ ಉಂಗುರಕ್ಕೂ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಜಾಸ್ತಿ ಅಗೆಯಬೇಕು.

ತಟ್ಟೆ ದೊಡ್ಡದಾದಷ್ಟೂ ಆಳ ಹೆಚ್ಚು, ಆದರೆ ಸಣ್ಣ ವಸ್ತು ತಪ್ಪಿಹೋಗುತ್ತದೆ.

ಕೋಲಾರಕ್ಕೆ ಒಯ್ದರೆ ಚಿನ್ನ ಸಿಕ್ಕೀತಾ? ಅಲ್ಲಿ ಚಿನ್ನ ಕಲ್ಲಿನೊಳಗೆ ಕಣಕಣವಾಗಿ ಹರಡಿದೆ, ಟನ್ ಅದಿರಿಗೆ ಕೆಲವೇ ಗ್ರಾಂ. ಯಂತ್ರ ಪಿಟ್ಟೆನ್ನುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಹವ್ಯಾಸಿಗಳಿಗೆ ಚಿನ್ನ ಸಿಗುವುದು, ಅಲ್ಲಿನ ನೆಲದಲ್ಲಿ ಅದು ಉಂಡೆಯಂಥ ಗಟ್ಟಿಗಳಾಗಿ ಬಿದ್ದಿರುವುದರಿಂದ.

ದೂರದಿಂದಲೇ ನಿಧಿ ತೋರಿಸುತ್ತೇನೆ ಎನ್ನುವ ಆಂಟೆನಾ ಯಂತ್ರಗಳನ್ನು ಮಾತ್ರ ಮುಟ್ಟಬೇಡಿ. ನಿಜವಾದ ಡಿಟೆಕ್ಟರಿಗೂ ನಾಣ್ಯವೊಂದು ಗೇಣುದ್ದ ಆಳದಲ್ಲಿ ಸಿಕ್ಕರೇ ದೊಡ್ಡದು. ಅಂಥದ್ದೇ ಆಂಟೆನಾವನ್ನು ಬಾಂಬ್ ಪತ್ತೆಗೆಂದು ಇರಾಕಿಗೆ ಮಾರಿದ ಬ್ರಿಟನ್ನಿನ ವ್ಯಾಪಾರಿಗೆ 2013ರಲ್ಲಿ 10 ವರ್ಷ ಜೈಲಾಯಿತು. ಅವನ ಯಂತ್ರದಲ್ಲಿ ಒಂದು ಬ್ಯಾಟರಿ ಕೂಡ ಇರಲಿಲ್ಲ.