ಬ್ಯಾಡ್ಜ್ ನೋಡಬೇಡಿ, ಟರ್ಬೊ ನೋಡಿ

ಹಾಸನ, ಬೇಲೂರು, ಸಕಲೇಶಪುರದ ಕಡೆ ಹಳೇ ಡೀಸೆಲ್ ಕಾರು ತಗೊಳ್ಳಲು ಹೊರಟವರು ಗ್ಯಾರೇಜಿಗೆ ಬಂದು ಕೇಳುವುದು ಹೆಚ್ಚಾಗಿ ಇದನ್ನೇ. ‘ಅಣ್ಣಾ, ಸ್ವಿಫ್ಟ್ ತಗೊಳ್ಳಲಾ, ಮಾಂಜಾ ತಗೊಳ್ಳಲಾ? ಯಾವುದರ ಎಂಜಿನ್ ಒಳ್ಳೇದು?’ ಬಾನೆಟ್ ಎತ್ತಿದರೆ ಎರಡರಲ್ಲೂ ಕೂತಿರುವುದು ಒಂದೇ ಎಂಜಿನ್. ಮೇಲಿನ ಪ್ಲಾಸ್ಟಿಕ್ ಕವರ್ ಮೇಲೆ ಬರೆದ ಹೆಸರು ಬೇರೆ, ಅಷ್ಟೇ.

ಅದು ಫಿಯೆಟ್‌ನ 1.3 ಮಲ್ಟಿಜೆಟ್. ಫಿಯೆಟ್ ಮತ್ತು ಜನರಲ್ ಮೋಟರ್ಸ್ ಜೊತೆಯಾಗಿದ್ದ ಕಾಲದಲ್ಲಿ ತಯಾರಾಗಿ 2003ರಲ್ಲಿ ಹೊರಬಂತು. ನಾಲ್ಕು ಸಿಲಿಂಡರ್, 16 ವಾಲ್ವ್, 1248 ಸಿಸಿ. ಮಾರುತಿ ಇದನ್ನು ಲೈಸೆನ್ಸ್ ಪಡೆದು ಮಾನೇಸರದಲ್ಲಿ ಮಾಡಿ, ಡಿಡಿಐಎಸ್ ಅಂತ ಹೆಸರಿಟ್ಟು 2007ರಲ್ಲಿ ಸ್ವಿಫ್ಟ್‌ಗೆ ಹಾಕಿತು. ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ಫಿಯೆಟ್ ಮಾಡಿದ್ದು ಪುಂಟೊ, ಲೀನಿಯಾಗಳಿಗೂ ಹೋಯಿತು, ಟಾಟಾದ ವಿಸ್ಟಾ, ಮಾಂಜಾ, ಜೆಸ್ಟ್‌ಗಳಿಗೂ ಹೋಯಿತು. ಟಾಟಾದವರು ಅದನ್ನು ಕ್ವಾಡ್ರಾಜೆಟ್ ಅಂದರು. ಶೆವ್ರೊಲೆ ಸೇಲ್, ಎಂಜಾಯ್‌ಗಳಲ್ಲಿದ್ದದ್ದೂ ಇದೇ ಮನೆತನದ ಎಂಜಿನ್. ಬೀಟ್ ಡೀಸೆಲ್ಲಿನದು ಇದರಲ್ಲೇ ಒಂದು ಸಿಲಿಂಡರ್ ಕಡಿಮೆ ಮಾಡಿದ 936 ಸಿಸಿ. 2020ರಲ್ಲಿ ಹೊಗೆಯ ಹೊಸ ನಿಯಮ ಬಿಎಸ್6 ಬಂದಾಗ ನಮ್ಮ ದೇಶದಲ್ಲಿ ಇದರ ಕಥೆ ಮುಗಿಯಿತು. ಹಾಗಾಗಿ ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡೇ.

ಮಲ್ಟಿಜೆಟ್ ಅಂದರೆ ಡೀಸೆಲನ್ನು ಒಂದೇ ಸಲ ಸುರಿಯುವುದಿಲ್ಲ, ಒಂದು ಸುತ್ತಿಗೆ ಐದು ಸಲದವರೆಗೂ ಚೂರುಚೂರೇ ಸಿಂಪಡಿಸುತ್ತದೆ. ಬಚ್ಚಲ ಹಂಡೆಗೆ ಉರಿ ಹಾಕುವಾಗ ಮೊದಲು ಸಣ್ಣ ಪುಳ್ಳೆ ಇಟ್ಟು, ಹತ್ತಿಕೊಂಡ ಮೇಲೆ ಕಾಫಿ ಗಿಡದ ಸೌದೆ ತಳ್ಳುತ್ತೀವಲ್ಲ, ಹಾಗೆ. ಹಳೇ ಡೀಸೆಲ್ ಗಾಡಿಗಳ ಬಡಿತ ಇದರಲ್ಲಿ ಅಷ್ಟಿಲ್ಲದಿರಲು ಕಾರಣ ಆ ಮೊದಲ ಸಣ್ಣ ಸಿಂಪಡಣೆ.

ಈಗ ತಗೊಳ್ಳುವವರು ನೋಡಬೇಕಾದ್ದು. ಈ ಎಂಜಿನ್ ನಮ್ಮಲ್ಲಿ ಮುಖ್ಯವಾಗಿ ಎರಡು ತರ ಬಂತು. ಸ್ವಿಫ್ಟ್, ಡಿಜೈರ್, ರಿಟ್ಜ್, ವಿಸ್ಟಾಗಳಲ್ಲಿ 75 ಪಿಎಸ್, ಪಿಎಸ್ ಅಂದರೆ ಎಂಜಿನ್ನಿನ ಶಕ್ತಿಯ ಅಳತೆ. ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಒಳಕ್ಕೆ ಹೆಚ್ಚು ಗಾಳಿ ತಳ್ಳುವ ಚಕ್ರ. ಇದರ ಟರ್ಬೊ ಸಾದಾ, ಒಳಗೆ ಅಲ್ಲಾಡುವ ರೆಕ್ಕೆಗಳಿಲ್ಲ. ಎಸ್‌ಎಕ್ಸ್4, ಎರ್ಟಿಗಾ, ಸಿಯಾಜ್, ಬ್ರೆಜಾ, ಮಾಂಜಾ, ಜೆಸ್ಟ್‌ಗಳಲ್ಲಿ 90 ಪಿಎಸ್. ಅದರ ಟರ್ಬೊ ಒಳಗೆ ಸಣ್ಣ ರೆಕ್ಕೆಗಳಿವೆ. ವೇಗಕ್ಕೆ ತಕ್ಕಂತೆ ಅವು ತೆರೆದು ಮುಚ್ಚಿ ಹೊಗೆಯ ದಾರಿಯನ್ನು ಕಿರಿದು ಅಗಲ ಮಾಡುತ್ತವೆ. ವಿಜಿಟಿ ಅನ್ನುವುದು ಇದಕ್ಕೇ. ಒಂದೇ ಮಾಡೆಲ್ಲಿನಲ್ಲಿ ಎರಡೂ ಸಿಗುವುದುಂಟು. ಆರ್‌ಸಿಯಲ್ಲಿ ಸಿಸಿ ಒಂದೇ ಇರುತ್ತೆ, ವೇರಿಯಂಟ್ ಕೇಳಿ ತಿಳಿದುಕೊಳ್ಳಿ.

ಬಿಎಂ ರೋಡಲ್ಲಿ, ಅಂದರೆ ಬೆಂಗಳೂರು-ಮಂಗಳೂರು ಹೈವೇಯಲ್ಲಿ, ಓಡಿಸಿದರೆ ಎರಡಕ್ಕೂ ದೊಡ್ಡ ವ್ಯತ್ಯಾಸ ಗೊತ್ತಾಗಲ್ಲ. ಗೊತ್ತಾಗುವುದು ಕೈಮರ ದಾಟಿ ಮುಳ್ಳಯ್ಯನಗಿರಿ ಹತ್ತುವಾಗ. ಸ್ವಿಫ್ಟ್‌ನ 190 ಎನ್‌ಎಂ ಎಳೆತ ಪೂರ್ತಿ ಸಿಗುವುದು 2000 ಆರ್‌ಪಿಎಂಗೆ, ಅಂದರೆ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ. ತಿರುವಿನಲ್ಲಿ ಎದುರಿಂದ ಜೀಪು ಬಂತು, ಕಾಲು ತೆಗೆದಿರಿ, ಸೆಕೆಂಡ್ ಗೇರಿನಲ್ಲಿ ಎಂಜಿನ್ 1300ಕ್ಕೆ ಇಳಿಯಿತು. ಆಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ಸುಮ್ನೆ ಗುಂಯ್ ಅನ್ನುತ್ತೆ, ಮುಂದಕ್ಕೆ ಹೋಗಲ್ಲ. ಎಂಜಿನ್ ಕೆಟ್ಟಿದೆ ಅಂದುಕೊಂಡು ನಮ್ಮ ಹತ್ತಿರ ಬರುತ್ತಾರೆ. ಏನೂ ಕೆಟ್ಟಿಲ್ಲ, ಟರ್ಬೊ ಎದ್ದಿಲ್ಲ ಅಷ್ಟೇ. ನಾಚಿಕೆಪಡದೆ ಫಸ್ಟ್ ಗೇರ್ ಹಾಕಿ. ಎರ್ಟಿಗಾದ 90 ಪಿಎಸ್‌ನಲ್ಲಿ 200 ಎನ್‌ಎಂ 1750ಕ್ಕೇ ಬರುತ್ತೆ. ಆದರೆ ಏಳು ಜನ ಕೂತು, ಮೇಲೆ ಲಗೇಜು ಕಟ್ಟಿ ಧರ್ಮಸ್ಥಳಕ್ಕೆ ಹೋಗಿ ಚಾರ್ಮಾಡಿ ಹತ್ತಿ ವಾಪಸ್ ಬರುವಾಗ ಆ ಲಾಭವನ್ನು ಭಾರವೇ ತಿಂದುಹಾಕುತ್ತೆ.

ಹಾಗಾದ್ರೆ 90ನ್ನೇ ತಗೊಳ್ಳೋಣ ಅಲ್ವಾ? ಎಲ್ಲರೂ ಅಲ್ಲ. ತೋಟದಿಂದ ಊರಿಗೆ, ಊರಿಂದ ತೋಟಕ್ಕೆ ನಾಲ್ಕೈದು ಕಿಲೋಮೀಟರ್ ನಿಧಾನಕ್ಕೆ ಓಡಿಸುವವರ ಗಾಡಿಯಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಮಸಿ ಕಟ್ಟುತ್ತದೆ. ವಿಜಿಟಿಯ ಸಣ್ಣ ರೆಕ್ಕೆಗಳು ಆ ಮಸಿಯಲ್ಲಿ ಅಂಟಿಕೊಳ್ಳುತ್ತವೆ. ಏರಿನಲ್ಲಿ ಇದ್ದಕ್ಕಿದ್ದಂತೆ ಪಿಕಪ್ ಸತ್ತು ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟ್ ಹತ್ತುತ್ತೆ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ! ಅಂಥವರಿಗೆ ನಾನು ಹೇಳುವುದು 75ನ್ನೇ. ಈಗಾಗಲೇ 90 ಇದ್ದರೆ ವಾರಕ್ಕೊಮ್ಮೆಯಾದರೂ ಹೈವೇಗೆ ತನ್ನಿ, ಒಂದು ಗೇರ್ ಕಡಿಮೆ ಇಟ್ಟು ಅರ್ಧ ಗಂಟೆ 2500 ಮೇಲೆ ಓಡಿಸಿ.

ಎರಡರಲ್ಲೂ ಸಮಾನವಾಗಿರುವುದು ಟೈಮಿಂಗ್ ಚೈನ್, ಪಿಸ್ಟನ್ನು ವಾಲ್ವುಗಳ ತಾಳ ತಪ್ಪದಂತೆ ಹಿಡಿಯುವ ಸರಪಳಿ. ಬೆಲ್ಟ್ ಅಲ್ಲ, ಚೈನ್, ಬದಲಾಯಿಸೋದೇ ಬೇಡ ಅಂತ ಮಾರುವವರು ಹೇಳುತ್ತಾರೆ. ಪೂರ್ತಿ ನಿಜವಲ್ಲ. ಆ ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಪ್ರೆಶರಿನಿಂದ. ಈ ಎಂಜಿನ್ ಹಿಡಿಯುವ ಆಯಿಲ್ಲೇ ಮೂರು ಲೀಟರ್ ಆಸುಪಾಸು. ಒಂದು ಲೀಟರ್ ಕಡಿಮೆಯಾಯಿತು ಅಂದರೆ ಮೂರನೇ ಒಂದು ಪಾಲು ಹೋಯಿತು. ಆ ಸ್ಥಿತಿಯಲ್ಲಿ ಕಡಿದಾದ ಏರು ಹತ್ತಿದರೆ ಉಳಿದ ಆಯಿಲ್ ಸಂಪಿನಲ್ಲಿ ಒಂದು ಕಡೆ ಸರಿಯುತ್ತೆ, ಪಂಪು ಗಾಳಿ ಎಳೆಯುತ್ತೆ, ಚೈನ್ ಸಡಿಲವಾಗುತ್ತೆ. ಒಂದು ಹಲ್ಲು ಜಾರಿದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತೆ. ಅದೃಷ್ಟ ಇದ್ದರೆ ವಾಲ್ವ್ ಒತ್ತುವ ರಾಕರ್‌ಗಳು ಮಾತ್ರ ಮುರಿಯುತ್ತವೆ, ಇಲ್ಲದಿದ್ದರೆ ಹೆಡ್ ಬಿಚ್ಚಲೇಬೇಕು.

ಅದಕ್ಕೇ ತೋಟದ ಗಾಡಿಗೆ 10,000 ಕಿಲೋಮೀಟರ್ ಕಾಯಬೇಡಿ, ಏಳೆಂಟು ಸಾವಿರಕ್ಕೇ ಆಯಿಲ್ ಬದಲಾಯಿಸಿ. ಡಿಪ್‌ಸ್ಟಿಕ್ ಎಳೆದು ನೋಡುವ ಕೆಲಸವನ್ನು ಡ್ರೈವರಿಗೇ ಬಿಡಬೇಡಿ.

ಇನ್ನೊಂದು, ಮಳೆಗಾಲದಲ್ಲಿ ಪ್ರತಿ ವರ್ಷ ಕಾಣುವುದು. ಪಂಪ್‌ಸೆಟ್ಟಿಗೆ, ಟಿಲ್ಲರಿಗೆ ಅಂತ ಡ್ರಮ್ಮಿನಲ್ಲಿ ಇಟ್ಟ ಡೀಸೆಲನ್ನೇ ಕಾರಿಗೂ ಹುಯ್ಯುತ್ತಾರೆ. ಡ್ರಮ್ಮಿನ ತಳದಲ್ಲಿ ನೀರು ನಿಂತಿರುತ್ತೆ. ಟಿಲ್ಲರ್ ಕೆಮ್ಮಿಕೊಂಡು ಹೇಗೋ ಓಡೀತು. ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಕಾರಿನ ಕಾಮನ್ ರೈಲ್ ಡೀಸೆಲ್ ಪಂಪು, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳು ಹಾಗೆ ತಡೆಯುವುದಿಲ್ಲ. ನಾಲ್ಕು ಇಂಜೆಕ್ಟರ್‌ಗೆ ಆಗುವ ಖರ್ಚು ಕೇಳಿದ ಮೇಲೆ ಯಾರೂ ಮತ್ತೆ ಡ್ರಮ್ ಮುಟ್ಟಿಲ್ಲ.

ಗಾಡಿ ನೋಡಲು ಹೋಗುವಾಗ ಬೆಳಿಗ್ಗೆಯೇ ಹೋಗಿ. ಮಾರುವವರಿಗೆ ಮೊದಲೇ ಹೇಳಿ, ಸ್ಟಾರ್ಟ್ ಮಾಡಿ ಇಟ್ಟಿರಬೇಡಿ ಅಂತ. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿದ್ದರೆ ಹೀಟರ್ ಲೈಟ್ ಆರುವವರೆಗೆ ಕಾದು ಸ್ಟಾರ್ಟ್ ಮಾಡಿಸಿ, ನೀವು ಚೈನ್ ಇರುವ ಬದಿಗೆ ನಿಂತು ಕೇಳಿ. ಒಂದು ಕ್ಷಣ ಗರಗರ ಅಂದು ನಿಂತರೆ ಸ್ವಲ್ಪ ಚೌಕಾಸಿ ಮಾಡಬಹುದು. ಬಿಸಿಯಾದ ಮೇಲೂ ನಿಲ್ಲದಿದ್ದರೆ ಚೈನ್ ಕಿಟ್ಟಿನ ದುಡ್ಡನ್ನು ರೇಟಿನಲ್ಲಿ ಕಳೆಯಿರಿ, ಇಲ್ಲ ಬಿಟ್ಟುಬಿಡಿ. ಒಂದೇ ಎಂಜಿನ್ ಅಂತ ಮಾಂಜಾಗೆ ಸ್ವಿಫ್ಟ್‌ನ ಸಾಮಾನು ತರಲು ಹೊರಡುವವರಿಗೂ ಒಂದು ಮಾತು. ಒಳಗಿನ ಎಷ್ಟೋ ಭಾಗ ಕೂರುತ್ತೆ. ಮೌಂಟಿಂಗ್, ವೈರಿಂಗ್, ಎಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ಕೂರಲ್ಲ. ಅಂಗಡಿಗೆ ಹೋಗುವಾಗ ಚಾಸಿ ನಂಬರ್ ಬರೆದುಕೊಂಡು ಹೋಗಿ.