ಚರಂಡಿ ಅಗಲಿಸುವ ಮೊದಲು ಆಗಬೇಕಾದ ಲೆಕ್ಕ

ಮಳೆನೀರು ಚರಂಡಿ ಉಕ್ಕಿದರೆ ಅದನ್ನು ಅಗಲ ಮಾಡಬೇಕೆಂಬ ಬೇಡಿಕೆ ಕೂಡಲೇ ಏಳುತ್ತದೆ. ಅದಕ್ಕೂ ಮೊದಲು ಎಷ್ಟು ನೀರು ಬರುತ್ತದೆ, ಇವತ್ತಿನ ಸ್ಥಿತಿಯಲ್ಲಿ ಎಷ್ಟು ಸಾಗುತ್ತದೆ ಎಂಬ ಎರಡು ಲೆಕ್ಕಗಳು ಆಗಲೇಬೇಕು.

ಸಣ್ಣ ಪ್ರದೇಶವಾದರೆ ಮೊದಲನೆಯದು ಸುಲಭ. ಹೆಕ್ಟೇರ್ ಲೆಕ್ಕದ ವಿಸ್ತೀರ್ಣ, ಗಂಟೆಗೆ ಇಷ್ಟು ಮಿ.ಮೀ. ಎಂಬ ಮಳೆಯ ಬಿರುಸು, ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು, ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. 30 ಹೆಕ್ಟೇರ್ ಮೇಲೆ 60 ಮಿ.ಮೀ. ಬಿರುಸಿನ ಮಳೆ ಸುರಿದರೆ, ಮಣ್ಣಿನ ನೆಲದಲ್ಲಿ (ಪಾಲು 0.3) 1.5 ಘನ ಮೀಟರ್, ಕಟ್ಟಡ, ರಸ್ತೆ ತುಂಬಿದ ಮೇಲೆ (0.7) 3.5. ದಿನದ ಒಟ್ಟು ಮಳೆಯನ್ನು 24ರಿಂದ ಭಾಗಿಸಿ ಬಿರುಸು ಕಂಡುಕೊಳ್ಳುವುದು ದೊಡ್ಡ ತಪ್ಪು. ಅತಿ ದೂರದ ಮೂಲೆಯ ನೀರು ಚರಂಡಿ ತಲುಪಲು ಹಿಡಿಯುವಷ್ಟು ನಿಮಿಷಗಳ ಬಿರುಸೇ ಬೇಕು.

ಎರಡನೆಯ ಲೆಕ್ಕಕ್ಕೆ, ಚರಂಡಿಯ ಅಳತೆ, ಇಳಿಜಾರು, ಒಳಮೈಯ ಒರಟುತನ ಇವುಗಳಿಂದ ಹರಿವನ್ನು ಕಂಡುಕೊಳ್ಳುವ ಮ್ಯಾನಿಂಗ್ ಸೂತ್ರವಿದೆ. 1.5 ಮೀಟರ್ ಅಗಲ, 1.2 ಮೀಟರ್ ನೀರಿನ ಆಳ, 400 ಮೀಟರಿಗೆ 1 ಮೀಟರ್ ಇಳಿಜಾರಿನ ನಯವಾದ ಕಾಂಕ್ರೀಟ್ ಚರಂಡಿ ಸೆಕೆಂಡಿಗೆ ಸುಮಾರು 3.6 ಘನ ಮೀಟರ್ ಸಾಗಿಸುತ್ತದೆ. ಕಾಗದದ ಮೇಲೆ ಸಾಕು. ಆದರೆ ತಳದಲ್ಲಿ 30 ಸೆಂ.ಮೀ. ಹೂಳು ಕುಳಿತು, ಒರಟುತನದ ಗುಣಾಂಕ 0.015ರಿಂದ 0.025ಕ್ಕೆ ಏರಿದರೆ ಉಳಿಯುವುದು 1.5 ಮಾತ್ರ. ಆಳ ಕಾಲುಭಾಗ ಕಡಿಮೆಯಾಯಿತು, ಸಾಮರ್ಥ್ಯವೋ ಅರ್ಧಕ್ಕಿಂತ ಕೆಳಗಿಳಿಯಿತು! ಇಂಥ ಕಡೆ ಗೋಡೆ ಒಡೆಯುವುದು ದುಡ್ಡು ದಂಡ, ಹೂಳೆತ್ತಿದರೆ ಸಾಕು.

ಹಾಗಾಗಿ ನಕ್ಷೆಯನ್ನು ನಂಬದೆ ಪ್ರತಿ 25 ಮೀಟರಿಗೊಮ್ಮೆ ತಳಮಟ್ಟ ಅಳೆಯಬೇಕು. ರಸ್ತೆಯಡಿ ಹಾಯುವ ಮೋರಿಗಳಲ್ಲಂತೂ ಒಳಬಾಯಿ, ಹೊರಬಾಯಿ ಎರಡೂ ಕಡೆ. ಚರಂಡಿಗೆ ಅಡ್ಡಲಾಗಿ ಹಾಯ್ದ ಒಂದೇ ಒಂದು ಕೊಳವೆ ಕಸ ಹಿಡಿದು ಮೇಲಿನ ಇಡೀ ಬೀದಿಯನ್ನು ಮುಳುಗಿಸಬಲ್ಲದು.

ಅಗಲಿಸಲೇಬೇಕಾದರೆ ಕೆಲಸ ಕೆಳತುದಿಯಿಂದ ಶುರುವಾಗಲಿ. ಮೇಲ್ಭಾಗವನ್ನಷ್ಟೇ ಹಿಗ್ಗಿಸಿದರೆ ನೀರು ಬೇಗ ಬಂದು ಕೆಳಗಿನ ಮನೆಗಳಿಗೆ ನುಗ್ಗುತ್ತದೆ. ಹೊರಹೋಗುವ ಕಡೆ ಕೆರೆಯ ಅಥವಾ ಹೊಳೆಯ ಮಟ್ಟ ಏರಿದ್ದರೆ ನೀರು ಹಿಂದಕ್ಕೆ ಒತ್ತುತ್ತದೆ, ಆಗ ಅಗಲದಿಂದ ಪ್ರಯೋಜನವಿಲ್ಲ. ಅಗಲವಾದ ಸಪಾಟು ತಳದಲ್ಲಿ ಸಣ್ಣ ಮಳೆಯ ನೀರು ತೆಳುವಾಗಿ ಹರಡಿ ಹೂಳು ಬಿಡುವುದರಿಂದ, ನಡುವೆ ಕಿರಿದಾದ ಕಾಲುವೆಯೊಂದನ್ನು ತೋಡಿ ಅದರಲ್ಲಿ ಸೆಕೆಂಡಿಗೆ 0.6 ಮೀಟರಿಗಿಂತ ಕಡಿಮೆಯಾಗದ ವೇಗ ಉಳಿಸಬೇಕು.

ಜಾಗವೇ ಇಲ್ಲದಿದ್ದರೆ ನೀರನ್ನು ತಡೆದು ನಿಲ್ಲಿಸುವುದು ಉತ್ತಮ. ಸೆಕೆಂಡಿಗೆ 2 ಘನ ಮೀಟರ್ ಹೆಚ್ಚುವರಿ ನೀರನ್ನು ಅರ್ಧ ಗಂಟೆ ಹಿಡಿದಿಡಲು 3,600 ಘನ ಮೀಟರ್ ಬೇಕು. 60 ಮೀಟರ್ ಚೌಕದ ಮೈದಾನವನ್ನು 1 ಮೀಟರ್ ತಗ್ಗಿಸಿದರೆ ಅಷ್ಟಾಯಿತು. ಏನೇ ಕಟ್ಟಿದರೂ ಹೂಳೆತ್ತುವ ಯಂತ್ರ ಒಳಗಿಳಿಯಲು ಇಳಿಜಾರು ದಾರಿಯನ್ನು ಮೊದಲ ನಕ್ಷೆಯಲ್ಲೇ ಬರೆದಿಡಬೇಕು.