ಎಲ್ಲರೂ ಎಡಿಟರ್ ಬದಲಿಸ್ತಿದ್ದಾರೆ, ನಾನೂ ಬದಲಿಸಬೇಕಾ?

ಪ್ರಶ್ನೆ: ನಾನು ಶಿರಸಿಯಲ್ಲೇ ಕೂತು ಹೋಮ್‌ಸ್ಟೇಗಳಿಗೆ, ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಕೋಡ್ ಬರೆಯಲು ನಾಲ್ಕು ವರ್ಷದಿಂದ ವಿಎಸ್ ಕೋಡ್ ಅನ್ನುವ ಎಡಿಟರ್ ಬಳಸುತ್ತಿದ್ದೇನೆ. ಲ್ಯಾಪ್‌ಟಾಪ್ 8 ಜಿಬಿ ಮೆಮೊರಿಯದು, ಈಗೀಗ ಸಿಕ್ಕಿಹಾಕಿಕೊಳ್ಳುತ್ತದೆ. ಬೆಂಗಳೂರಿನ ಗೆಳೆಯರಲ್ಲಿ ಒಬ್ಬ ಝೆಡ್‌ಗೆ ಹೋಗು ಅನ್ನುತ್ತಾನೆ, ಇನ್ನೊಬ್ಬ ಕರ್ಸರ್‌ಗೆ ಹೋಗು ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಈ ಪ್ರಶ್ನೆ ಒಮ್ಮೆ ಕಾರವಾರದಿಂದ ಬರುತ್ತದೆ, ಒಮ್ಮೆ ಕುಮಟಾದಿಂದ. ಮಾರಿಕಾಂಬೆಯ ಜಾತ್ರೆಯಾದರೂ ಎರಡು ವರ್ಷಕ್ಕೊಮ್ಮೆ. ಎಡಿಟರ್‌ಗಳ ಜಾತ್ರೆ ಈಗ ಆರು ತಿಂಗಳಿಗೊಮ್ಮೆ! ಗೆಳೆಯರು ಬದಲಿಸಿದರು ಅಂತ ನೀವು ಬದಲಿಸಬೇಡಿ ಮಾರಾಯ್ರೇ. ದಿನಾ ಕಾಡುವ ಒಂದು ತೊಂದರೆ ಇರಬೇಕು, ಅದು ಎಡಿಟರ್‌ನದ್ದೇ ಅಂತ ಖಾತ್ರಿಯೂ ಆಗಬೇಕು. ಆಗ ಬದಲಿಸಿ. ನಿಮ್ಮ ಪ್ರಶ್ನೆಯಲ್ಲಿ ತೊಂದರೆ ಇದೆ, ಖಾತ್ರಿ ಇನ್ನೂ ಇಲ್ಲ.

ಮೊದಲು ಆ ನಿಧಾನದ್ದು ನೋಡೋಣ. ವಿಎಸ್ ಕೋಡ್ 2015ರಲ್ಲಿ ಬಂತು, ಎಲೆಕ್ಟ್ರಾನ್ ಅನ್ನುವ ಚೌಕಟ್ಟಿನ ಮೇಲೆ ಕಟ್ಟಿದ್ದು. ಅಂದರೆ ಅದರ ಹೊಟ್ಟೆಯೊಳಗೇ ಒಂದು ಕ್ರೋಮಿಯಂ ಬ್ರೌಸರ್ ಇದೆ. ಪಕ್ಕದಲ್ಲಿ ನೀವು ಕ್ರೋಮ್ ತೆರೆದಿರುತ್ತೀರಿ, ನೋಡ್ ಸರ್ವರ್ ಓಡುತ್ತಿರುತ್ತದೆ, ಗಿರಾಕಿಯ ಮೆಸೇಜಿಗಾಗಿ ವಾಟ್ಸಾಪ್ ಬೇರೆ. 8 ಜಿಬಿ ಎಲ್ಲಿಗೆ ಸಾಕು? ಆದರೆ ಇಷ್ಟರಲ್ಲಿ ಜಾಸ್ತಿ ತಿನ್ನುತ್ತಿರುವವರು ಯಾರು ಅಂತ ನೋಡದೆ ಎಡಿಟರ್ ಮೇಲೆ ಹಾಕುವುದು ಸರಿಯಲ್ಲ. ವಿಎಸ್ ಕೋಡ್‌ನ ಹೆಲ್ಪ್ ಮೆನುವಿನಲ್ಲಿ ಓಪನ್ ಪ್ರೊಸೆಸ್ ಎಕ್ಸ್‌ಪ್ಲೋರರ್ ಅಂತ ಒಂದಿದೆ. ಒತ್ತಿದರೆ ವಿಎಸ್ ಕೋಡ್‌ನದೇ ಯಾವ ಪ್ರೊಸೆಸ್ ಎಷ್ಟು ಮೆಮೊರಿ ಹಿಡಿದಿದೆ ಅಂತ ಪಟ್ಟಿ ಬರುತ್ತದೆ. ನಾನು ನೋಡಿದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಮೇಲೆ ಕೂತಿರುವುದು ಎರಡೇ: ಎಕ್ಸ್‌ಟೆನ್ಷನ್ ಹೋಸ್ಟ್ (ಹೆಚ್ಚಿನ ಸೌಲಭ್ಯಕ್ಕೆ ನಾವು ಸೇರಿಸಿಕೊಂಡ ಎಕ್ಸ್‌ಟೆನ್ಷನ್‌ಗಳನ್ನು ಓಡಿಸುವುದು), ಇಲ್ಲವೇ ಟಿಎಸ್‌ಸರ್ವರ್.

ಎಕ್ಸ್‌ಟೆನ್ಷನ್ ಹೋಸ್ಟ್ ಮೇಲಿದ್ದರೆ ತಪ್ಪು ನೀವು ಹಾಕಿಕೊಂಡ ಯಾವುದೋ ಎಕ್ಸ್‌ಟೆನ್ಷನ್‌ದು. ಅದನ್ನು ಹಿಡಿಯಲು ವಿಎಸ್ ಕೋಡ್‌ನಲ್ಲೇ ಒಂದು ಒಳ್ಳೆ ಸೌಲಭ್ಯ ಇದೆ, ಬಳಸುವವರು ಕಡಿಮೆ. ಕಂಟ್ರೋಲ್-ಶಿಫ್ಟ್-ಪಿ ಒತ್ತಿ ಎಕ್ಸ್‌ಟೆನ್ಷನ್ ಬೈಸೆಕ್ಟ್ ಅಂತ ಹುಡುಕಿ. ಅದು ಅರ್ಧ ಎಕ್ಸ್‌ಟೆನ್ಷನ್‌ಗಳನ್ನು ಆಫ್ ಮಾಡಿ ‘ಈಗ ಸರಿ ಇದೆಯಾ?’ ಅಂತ ಕೇಳುತ್ತದೆ. ನಿಮ್ಮ ಉತ್ತರ ನೋಡಿ ಉಳಿದದ್ದನ್ನು ಮತ್ತೆ ಅರ್ಧ ಮಾಡುತ್ತದೆ. 60 ಎಕ್ಸ್‌ಟೆನ್ಷನ್ ಇದ್ದರೂ ಆರೇಳು ಸುತ್ತಿನಲ್ಲಿ ಕಳ್ಳ ಸಿಗುತ್ತಾನೆ. ನನ್ನದರಲ್ಲಿ ಸಿಕ್ಕಿದ್ದು ಯಾವುದೋ ಕಾಲದಲ್ಲಿ ಒಬ್ಬ ಗಿರಾಕಿಗೋಸ್ಕರ ಹಾಕಿ ಮರೆತಿದ್ದ ಪಿಎಚ್‌ಪಿ ಎಕ್ಸ್‌ಟೆನ್ಷನ್. ಆ ಗಿರಾಕಿ ಅಂಗಡಿ ಮುಚ್ಚಿಯೇ ವರ್ಷವಾಗಿತ್ತು.

ಟಿಎಸ್‌ಸರ್ವರ್ ಮೇಲಿದ್ದರೆ ಕಥೆ ಬೇರೆ. ಅದು ಜಾವಾಸ್ಕ್ರಿಪ್ಟ್‌ನ ಮೇಲೆಯೇ ಕಟ್ಟಿದ ಟೈಪ್‌ಸ್ಕ್ರಿಪ್ಟ್ ಭಾಷೆಯ ಸರ್ವರ್. ಜಾವಾಸ್ಕ್ರಿಪ್ಟ್ ಬರೆಯುವಾಗ ಚುಕ್ಕಿ ಒತ್ತಿದ ಕೂಡಲೇ ಸಲಹೆಗಳ ಪಟ್ಟಿ ಇಳಿಯುತ್ತದಲ್ಲ, ಅದನ್ನು ಕೊಡುವುದು ಎಡಿಟರ್ ಅಲ್ಲ, ಈ ಸರ್ವರ್. ಹೀಗೆ ಭಾಷೆಯ ಬುದ್ಧಿಯನ್ನು ಎಡಿಟರ್‌ನಿಂದ ಬೇರೆ ಮಾಡುವ ದಾರಿ 2016ರಲ್ಲಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಅನ್ನುವ ಸಾಮಾನ್ಯ ಒಪ್ಪಂದ ಬಂದ ಮೇಲೆ ಎಲ್ಲರಿಗೂ ತೆರೆಯಿತು. ಈಗ ಝೆಡ್ ಆಗಲಿ ನಿಯೋವಿಮ್ ಆಗಲಿ, ಟೈಪ್‌ಸ್ಕ್ರಿಪ್ಟ್‌ಗೆ ಹಿಂದಿನಿಂದ ಕರೆಸುವುದು ಸಾಮಾನ್ಯವಾಗಿ ಇದನ್ನೇ. ಮದುವೆ ಹಾಲ್ ಬದಲಾದರೂ ಅಡುಗೆ ಭಟ್ಟರು ಅವರೇ ಆದರೆ ಹುಳಿಯ ರುಚಿ ಅದೇ ಅಲ್ವಾ? ಹಾಗೆಯೇ ಇದು. ಎಡಿಟರ್ ಹಗುರಾದೀತು, ಟಿಎಸ್‌ಸರ್ವರ್ ತಿನ್ನುವ ಮೆಮೊರಿ ಅಷ್ಟೇ ಇರುತ್ತದೆ. ಇದಕ್ಕೆ ಮದ್ದು ಬೇರೆ ಕಡೆಯಿಂದ ಬರುತ್ತಿದೆ: ಟೈಪ್‌ಸ್ಕ್ರಿಪ್ಟನ್ನು ಗೋ ಭಾಷೆಯಲ್ಲಿ ಹೊಸದಾಗಿ ಬರೆಯುತ್ತಿರುವುದಾಗಿ 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಹೇಳಿತು, ಸುಮಾರು ಹತ್ತು ಪಟ್ಟು ವೇಗ ಅಂತ.

ಇಷ್ಟೆಲ್ಲ ನೋಡಿದ ಮೇಲೂ ಎಡಿಟರೇ ಭಾರ ಅನ್ನಿಸಿದರೆ ಝೆಡ್ ನೋಡುವ ಹಾಗಿದೆ. ಅದರ ಹಿಂದೆ ಇರುವವರಲ್ಲಿ ನೇಥನ್ ಸೋಬೊ ಕೂಡ ಒಬ್ಬರು, ಹಿಂದೆ ಗಿಟ್‌ಹಬ್‌ನಲ್ಲಿ ಆಟಮ್ ಎಡಿಟರ್ ಮಾಡಿದವರು. ತಮಾಷೆ ಅಂದರೆ ಎಲೆಕ್ಟ್ರಾನ್ ಹುಟ್ಟಿದ್ದೇ ಆಟಮ್‌ಗೋಸ್ಕರ. ಈಗ ಅವರೇ ಅದನ್ನು ಬಿಟ್ಟು ರಸ್ಟ್ ಭಾಷೆಯಲ್ಲಿ, ಪರದೆಯನ್ನು ನೇರ ಗ್ರಾಫಿಕ್ಸ್ ಚಿಪ್‌ನಿಂದಲೇ ಬಿಡಿಸುವ ಹಾಗೆ ಝೆಡ್ ಕಟ್ಟಿದ್ದಾರೆ. ಬೇಗ ತೆರೆದುಕೊಳ್ಳುತ್ತದೆ, ಟೈಪ್ ಮಾಡಿದ್ದು ತಡೆಯಿಲ್ಲದೆ ಮೂಡುತ್ತದೆ. 2024ರ ಜನವರಿಯಲ್ಲಿ ಓಪನ್ ಸೋರ್ಸ್ ಆಯಿತು, ವಿಂಡೋಸ್‌ಗೆ ಬಂದಿದ್ದು 2025ರ ಅಕ್ಟೋಬರ್‌ನಲ್ಲಿ. ಗ್ರಾಫಿಕ್ಸ್ ಚಿಪ್ ತೀರಾ ಹಳೆಯದಾದರೆ ತಕರಾರು ಮಾಡಬಹುದು, ಮೊದಲು ನಿಮ್ಮದರಲ್ಲಿ ಏಳುತ್ತದಾ ನೋಡಿ. ಎಕ್ಸ್‌ಟೆನ್ಷನ್‌ಗಳೂ ವಿಎಸ್ ಕೋಡ್‌ನಷ್ಟು ಇಲ್ಲ.

ಕರ್ಸರ್‌ನದು ಬೇರೆಯೇ ಲೆಕ್ಕ. ಅದು ವಿಎಸ್ ಕೋಡ್‌ನ ಓಪನ್ ಸೋರ್ಸ್ ಕೋಡನ್ನೇ ತೆಗೆದುಕೊಂಡು ಎಐ ಸೇರಿಸಿ ಮಾಡಿದ್ದು. ಹೆಚ್ಚುಕಡಿಮೆ ಅದೇ ಮುಖ, ಅದೇ ಶಾರ್ಟ್‌ಕಟ್, ಅದೇ ಎಲೆಕ್ಟ್ರಾನ್. ಹಾಗಾಗಿ ಕಲಿಯುವ ಕಷ್ಟ ಇಲ್ಲ, ನಿಮ್ಮ 8 ಜಿಬಿಗೆ ಸುಖವೂ ಇಲ್ಲ. ಇನ್ನೊಂದು ಮಾತು, ವಿಎಸ್ ಕೋಡ್‌ನ ಎಕ್ಸ್‌ಟೆನ್ಷನ್ ಅಂಗಡಿಯನ್ನು ಮೈಕ್ರೋಸಾಫ್ಟ್‌ನ ಉತ್ಪನ್ನಗಳು ಮಾತ್ರ ಬಳಸಬೇಕು ಅಂತ ನಿಯಮ ಇದೆ. ಬೇರೆಯವರಿಗೆ ಓಪನ್ ವಿಎಸ್‌ಎಕ್ಸ್ ಅಂತ ಇನ್ನೊಂದು ಅಂಗಡಿ ಇದೆ. ಅಲ್ಲಿ ಬಹಳಷ್ಟು ಸಿಗುತ್ತದೆ, ಎಲ್ಲವೂ ಅಲ್ಲ. ನಿಮಗೆ ಬೇಕೇಬೇಕಾದ ಐದಾರನ್ನು ಮೊದಲೇ ಹುಡುಕಿ ನೋಡಿ. ಇನ್ನು ಎಐ ನಡೆಯುವುದು ದೂರದ ಸರ್ವರ್‌ನಲ್ಲಿ. ಆಷಾಢದ ಮಳೆಗೆ ತಂತಿ ಮೇಲೆ ಮರ ಬಿದ್ದು, ಕರೆಂಟೂ ಇಲ್ಲ ನೆಟ್ಟೂ ಇಲ್ಲ ಅನ್ನುವ ದಿನ ನಿಮ್ಮ ಬ್ಯಾಟರಿಯಲ್ಲಿ ಉಳಿಯುವುದು ಬರೀ ಎಡಿಟರ್. ತಿಂಗಳ ದುಡ್ಡು ಕೊಡುವ ಮುಂಚೆ ನಮ್ಮ ಕಡೆಯವರು ಇದನ್ನೂ ಲೆಕ್ಕ ಹಾಕಬೇಕು.

‘ಈಗಿನದ್ದು ನಿಂತುಹೋದರೆ?’ ಅಂತ ಹೆದರುವವರಿದ್ದಾರೆ. ಹೆದರಿಕೆ ಸುಮ್ನೆ ಅಲ್ಲ. ಅಡೋಬಿ 2021ರ ಸೆಪ್ಟೆಂಬರ್‌ನಲ್ಲಿ ತನ್ನ ಬ್ರಾಕೆಟ್ಸ್ ಎಡಿಟರ್‌ನ ಕೈ ಬಿಟ್ಟಿತು. ಆಟಮ್ 2022ರ ಡಿಸೆಂಬರ್‌ಗೆ ಮುಗಿಯಿತು. ಆದರೆ 1991ರ ವಿಮ್ ಎಡಿಟರ್ ಇನ್ನೂ ಇದೆ. ಯಾವುದು ಉಳಿಯುತ್ತದೆ ಅಂತ ಜ್ಯೋತಿಷ್ಯ ಹೇಳುವ ಬದಲು, ಯಾವತ್ತು ಬೇಕಾದರೂ ಮನೆ ಖಾಲಿ ಮಾಡುವ ಹಾಗೆ ಇರುವುದು ಒಳ್ಳೆಯದು. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು.

ಕುಮಟಾದ ಒಂದು ಹೋಮ್‌ಸ್ಟೇ ಸೈಟ್. ಮರುದಿನ ಒಪ್ಪಿಸಬೇಕು. ಅವತ್ತೇ ರಾತ್ರಿ ನನಗೆ ಹೊಸ ಎಡಿಟರ್ ಹಾಕುವ ಹುಚ್ಚು. ಬದಲಿಸಬೇಕಾಗಿದ್ದು ಒಂದೇ ಸಾಲು, ಫೋನ್ ನಂಬರು. ಬದಲಿಸಿದೆ, ಸೇವ್ ಮಾಡಿದೆ, ನಾವಿಬ್ಬರೂ ಕೋಡ್ ಹಂಚಿಕೊಳ್ಳುವ ಗಿಟ್‌ಗೆ ತಳ್ಳಿ ಮಲಗಿದೆ. ಬೆಳಿಗ್ಗೆ ಕಾರವಾರದಿಂದ ಜೊತೆಗಾರನ ಫೋನು: ‘ಎಂತ ಮಾಡಿದೆ ಮಾರಾಯಾ, ಇಡೀ ಸೈಟು ಮತ್ತೆ ಬರೆದೆಯಾ?’ ತೆಗೆದು ನೋಡಿದರೆ ಸಾವಿರಕ್ಕೂ ಜಾಸ್ತಿ ಸಾಲು ಬದಲಾಗಿದೆ ಅಂತ ಕೆಂಪು ಹಸಿರು. ಹೊಸ ಎಡಿಟರ್‌ನಲ್ಲಿ ಸೇವ್ ಮಾಡಿದ ಕೂಡಲೇ ಫಾರ್ಮ್ಯಾಟ್ ಆಗುವುದು ಮೊದಲೇ ಆನ್ ಇತ್ತು. ಟ್ಯಾಬ್‌ಗಳೆಲ್ಲ ಸ್ಪೇಸ್ ಆಗಿದ್ದವು, ಒಂಟಿ ಕೋಟ್‌ಗಳೆಲ್ಲ ಜೋಡಿ ಕೋಟ್ ಆಗಿದ್ದವು. ಅವನು ಅದೇ ಫೈಲಿನಲ್ಲಿ ಮಾಡಿಟ್ಟಿದ್ದ ಕೆಲಸ ಇದರ ಜೊತೆ ಸೇರಿಸಲು ಮಧ್ಯಾಹ್ನದ ಊಟದ ಹೊತ್ತು ದಾಟಿತು.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಪ್ರಾಜೆಕ್ಟಿನ ನಿಯಮ ಎಡಿಟರ್‌ನ ಸೆಟ್ಟಿಂಗ್‌ನಲ್ಲಿ ಇರಬಾರದು, ಪ್ರಾಜೆಕ್ಟಿನ ಫೋಲ್ಡರ್‌ನಲ್ಲೇ ಇರಬೇಕು. ಟ್ಯಾಬಾ ಸ್ಪೇಸಾ, ಸಾಲಿನ ಕೊನೆ ಹೇಗೆ ಅನ್ನುವುದಕ್ಕೆ ಒಂದು ಎಡಿಟರ್‌ಕಾನ್ಫಿಗ್ ಫೈಲು. ಕೋಟು, ಸೆಮಿಕೋಲನ್ನಿಗೆ ಪ್ರೆಟಿಯರ್ ಅನ್ನುವ ಫಾರ್ಮ್ಯಾಟ್ ಮಾಡುವ ಸಾಧನದ ಒಂದು ಫೈಲು. ಹತ್ತು ನಿಮಿಷದ ಕೆಲಸ. ಝೆಡ್, ವೆಬ್‌ಸ್ಟಾರ್ಮ್ ಎಡಿಟರ್‌ಕಾನ್ಫಿಗನ್ನು ತಾವಾಗಿಯೇ ಓದುತ್ತವೆ, ವಿಎಸ್ ಕೋಡ್‌ಗೆ ಮಾತ್ರ ಒಂದು ಎಕ್ಸ್‌ಟೆನ್ಷನ್ ಬೇಕು. ಇಷ್ಟು ಇದ್ದರೆ ನೀವು ಒಂದರಲ್ಲಿ, ಜೊತೆಗಾರ ಇನ್ನೊಂದರಲ್ಲಿ ಬರೆದರೂ ಜಗಳ ಇಲ್ಲ.

ಬದಲಿಸಲೇಬೇಕು ಅಂತಾದರೆ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಬೇಡಿ. ಅಡಿಕೆ ಸುಲಿಯುವ ಯಂತ್ರ ಬಂದ ಮನೆಯಲ್ಲೂ ಮೆಟ್ಟುಗತ್ತಿ ಮೂಲೆಯಲ್ಲಿ ಇದ್ದೇ ಇರುತ್ತದೆ. ಅವಸರ ಇಲ್ಲದ ಒಂದು ಸಣ್ಣ ಕೆಲಸ ಹಿಡಿದು ಎರಡು ವಾರ ಹೊಸದರಲ್ಲೇ ಮಾಡಿ. ಮೊದಲ ಮೂರು ದಿನ ಬೆರಳು ತಪ್ಪುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಆ ಎರಡು ವಾರದಲ್ಲಿ ಕನ್ನಡವನ್ನೂ ಹಾಕಿ ನೋಡಿ. ಇಂಗ್ಲಿಷಿನಲ್ಲಿ ಬರುವ ವಿಮರ್ಶೆಗಳಲ್ಲಿ ಇದು ಇರುವುದಿಲ್ಲ, ನಿಮ್ಮ ಸೈಟುಗಳಲ್ಲೋ ಇದು ದಿನಾ ಬರುತ್ತದೆ. ‘ಗೋಕರ್ಣ’ ಅಂತ ಟೈಪ್ ಮಾಡಿ. ನಾವು ಒತ್ತುವುದು ಮೊದಲು ರ, ಆಮೇಲೆ ಣ. ಪರದೆಯಲ್ಲಿ ಕಾಣುವುದು ಮೊದಲು ಣ, ಅದರ ಬೆನ್ನಿಗೆ ಅರ್ಕಾವತ್ತು. ಬಾಣದ ಕೀಲಿಯಿಂದ ಅದರ ಮೇಲೆ ಓಡಾಡಿ, ಬ್ಯಾಕ್‌ಸ್ಪೇಸ್ ಒತ್ತಿ. ಅಕ್ಷರ ಒಡೆದು ಚೆಲ್ಲಾಪಿಲ್ಲಿಯಾದರೆ ಆ ಎಡಿಟರ್‌ನಲ್ಲಿ ನಿಮಗೆ ಕಷ್ಟವಿದೆ. ಆಮೇಲೆ ‘ರೂಮ್‌ಗೆ’ ಅಂತ ಬರೆಯಿರಿ. ಇಲ್ಲಿ ಮ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ. ಅದಿಲ್ಲದಿದ್ದರೆ ‘ರೂಮ್ಗೆ’ ಆಗಿ ಗ ಕೆಳಗಿಳಿಯುತ್ತದೆ. ಕಾಣದ ಅಕ್ಷರಗಳಲ್ಲಿ ಕೆಟ್ಟ ಕೋಡ್ ಬಚ್ಚಿಡುವವರಿದ್ದಾರೆ ಅಂತ ವಿಎಸ್ ಕೋಡ್ 2021ರಿಂದ ಇಂಥವುಗಳ ಸುತ್ತ ಹಳದಿ ಚೌಕ ಹಾಕಿ ಎಚ್ಚರಿಸುತ್ತದೆ. ಕಸ ಅಂತ ಅಳಿಸಬೇಡಿ. ಸೆಟ್ಟಿಂಗ್ಸ್‌ನಲ್ಲಿ ಯೂನಿಕೋಡ್ ಹೈಲೈಟ್ ಅಂತ ಹುಡುಕಿ ಆ ಅಕ್ಷರಕ್ಕೆ ಅನುಮತಿ ಕೊಡಿ. ಹೊಸ ಎಡಿಟರ್ ಅದನ್ನು ತೋರಿಸದೇ ಇರಬಹುದು, ಪರವಾಗಿಲ್ಲ. ಸೇವ್ ಮಾಡಿ, ಬ್ರೌಸರ್‌ನಲ್ಲಿ ತೆರೆದು, ಗ ಇನ್ನೂ ಮೇಲೆಯೇ ಇದೆಯಾ ಅಂತ ನೋಡಿಕೊಳ್ಳಿ.